ಚೆಲ್ಲೊ ಸುಮ್ಮನಿದ್ದ ಎರಡು ಸಾಲು

ಹೊಟ್ಟೆಕಿಚ್ಚು ಪಡಬಾರದು ಎಂದು ಶಾಲೆಯಲ್ಲಿ ಮಕ್ಕಳಿಗೆ ನಾನೇ ಹೇಳಿಕೊಡುತ್ತೇನೆ. ಹೇಳುವುದು ನನ್ನ ನೌಕರಿ. ಆದರೆ ಸೇಡಂನ ಬ್ಯಾಂಕಿಗೆ ಮೈಸೂರಿನಿಂದ ವರ್ಗವಾಗಿ ಬಂದ ಆ ಹುಡುಗಿ, ತನ್ನಷ್ಟೇ ಎತ್ತರದ ಪೆಟ್ಟಿಗೆಯನ್ನು ಬೆನ್ನಿಗೇರಿಸಿಕೊಂಡು ವಾಡಿ ಸ್ಟೇಷನ್ನಿನಲ್ಲಿ ಪ್ಯಾಸೆಂಜರ್ ಗಾಡಿ ಇಳಿದ ಭಾನುವಾರದಿಂದ, ಹೊಟ್ಟೆಕಿಚ್ಚು ಪಟ್ಟಷ್ಟು ಶ್ರದ್ಧೆಯಿಂದ ನಾನು ಬೇರೆ ಯಾವ ಕೆಲಸವನ್ನೂ ಮಾಡಿಲ್ಲ.

ಪೆಟ್ಟಿಗೆಯಲ್ಲಿದ್ದದ್ದು ಚೆಲ್ಲೊ. ಪಿಟೀಲಿನ ದೊಡ್ಡಣ್ಣ ಅನ್ನಿ. ಕುರ್ಚಿಯ ಮೇಲೆ ಕುಳಿತು ಮೊಣಕಾಲುಗಳ ನಡುವೆ ಹಿಡಿದು ನುಡಿಸುತ್ತಾರೆ. ಬುಡದಲ್ಲಿ ಒಂದು ಕಬ್ಬಿಣದ ಮೊಳೆ ಇರುತ್ತದೆ, ಅದನ್ನು ನೆಲಕ್ಕೆ ಊರಿದರೇ ವಾದ್ಯ ನಿಲ್ಲುವುದು. ದನಿ ಗಂಡಸಿನದು, ಅದೂ ಜಗಳ ಮುಗಿದ ಮೇಲೆ ಸಮಾಧಾನ ಮಾಡಲು ಬಂದ ಗಂಡಸಿನದು. ಅಂಥ ದನಿಯ ಎದುರು ನನ್ನ ಪಿಟೀಲು ನಲ್ಲಿಯ ಹತ್ತಿರ ಕೊಡಕ್ಕಾಗಿ ಕಿರುಚುವವಳಂತೆ ಕೇಳಿಸುತ್ತದೆ ಎಂಬುದು ನನಗೆ ಅವತ್ತೇ ಗೊತ್ತಾಯಿತು.

ವಾಡಿಯಲ್ಲಿ ಭಾನುವಾರಕ್ಕೊಮ್ಮೆ ಕೂಡುವ ನಮ್ಮದೊಂದು ಸಣ್ಣ ಮೇಳವಿದೆ, ಆಕೆ ಬಂದದ್ದು ಅದಕ್ಕೇ. ರೈಲ್ವೆಯಿಂದ ನಿವೃತ್ತರಾದ ನಮ್ಮ ಮಾಸ್ತರರು ಕಟ್ಟಿದ್ದು. ಅವರು ಚಿಕ್ಕಂದಿನಲ್ಲಿ ಚರ್ಚಿನಲ್ಲಿ ಪಾಶ್ಚಾತ್ಯ ಸಂಗೀತ ಕಲಿತವರು. ನಾಲ್ಕು ಪಿಟೀಲು, ಅದಕ್ಕಿಂತ ತುಸು ದೊಡ್ಡದಾದ ವಯೋಲ ಹಿಡಿದು ಚಿಂಚೋಳಿಯಿಂದ ಬರುವವರೊಬ್ಬರು, ಚಿತ್ತಾಪುರದ ಹಾರ್ಮೋನಿಯಂ, ಶಹಾಬಾದಿನ ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುವ ಚಾಚಾ. ಯಾವ ಕೃತಿ ಕೈಗೆ ಬಂದರೂ ಮಾಸ್ತರರು ಅದನ್ನು ನಮ್ಮ ಅಳತೆಗೆ ಹೊಲಿಯುತ್ತಿದ್ದರು. ಕಹಳೆಯ ಪಾಲು ಚಾಚಾಗೆ, ಮಂದ್ರದ ಪಾಲು ಹಾರ್ಮೋನಿಯಂಗೆ. ಮೊದಲ ಪಿಟೀಲು ನನ್ನದು. ಲಂಗ ತೊಡುವ ವಯಸ್ಸಿನಿಂದ ನಾನು ಅವರ ಶಿಷ್ಯೆ. ಇಷ್ಟು ವರ್ಷ ಎಲ್ಲರಿಗಾಗಿ ಬರೆದರು, ನನಗೆಂದು, ನಾನೇ ಮುಂದೆ ನಿಂತು ನುಡಿಸಲಿ ಎಂದು, ಒಂದನ್ನೂ ಬರೆದುಕೊಡಲಿಲ್ಲ. ಕೇಳಿದಾಗಲೆಲ್ಲ, "ಬರಿಯೋಣ ತಗೋವ್ವ, ನೀ ಎಲ್ಲಿ ಓಡಿ ಹೊಂಟೀದಿ" ಎನ್ನುತ್ತಿದ್ದರು. ನಾನೂ ಎಲ್ಲಿಗೂ ಓಡಿಹೋಗಲಿಲ್ಲ, ಅದೇ ನಾನು ಮಾಡಿದ ದಡ್ಡತನ.

ಹುಡುಗಿ ಮೊದಲ ದಿನ ನುಡಿಸಿ ಬಿಲ್ಲು ಕೆಳಗಿಟ್ಟಾಗ ಮಾಸ್ತರರು ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸಿಕೊಂಡರು. "ಯವ್ವಾ, ಇಷ್ಟು ದಿನ ಎಲ್ಲಿದ್ದಿ" ಎಂದರು. ಇಷ್ಟು ದಿನ ನಾನು ಇಲ್ಲೇ ಇದ್ದೆ. ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಮುಂದಿನ ವಾರವೇ ಅವರು ಹಳೆಯ ಟ್ರಂಕಿನಿಂದ ಒಂದು ಸ್ವರಪುಸ್ತಕ ಹೊರತೆಗೆದರು. ನೂರೈವತ್ತು ವರ್ಷಗಳ ಹಿಂದೆ ಯುರೋಪಿನಲ್ಲಿ, ಸಂಗೀತಗಾರರು ಎದೆಯೊಳಗಿದ್ದದ್ದನ್ನೆಲ್ಲ ನಾಚಿಕೆಯಿಲ್ಲದೆ ಹಾಡಿಕೊಳ್ಳುತ್ತಿದ್ದ ಕಾಲದ್ದು. ಮೂಲದಲ್ಲಿ ಒಂದು ಚೆಲ್ಲೊ, ಒಂದು ಪಿಯಾನೊ. ಪಿಯಾನೊದ ಪಾಲನ್ನು ನಮಗೆಲ್ಲ ಹಂಚುತ್ತೇನೆ, ಹಾಡು ಮಾತ್ರ ಚೆಲ್ಲೊದ್ದೇ ಇರಲಿ ಎಂದರು. ಆಮೇಲೆ ಬಹಳ ಸಾಮಾನ್ಯ ದನಿಯಲ್ಲಿ ಇನ್ನೊಂದು ಮಾತು ಹೇಳಿದರು. "ಕಣ್ಣಿನ ನರ ಸೋಲಲಿಕತ್ಯಾವ ಅಂತ ಡಾಕ್ಟರ್ ಹೇಳ್ಯಾರ. ಗೆರೀ ಮ್ಯಾಲಿನ ಚುಕ್ಕಿ ಯಾವುದು, ಕೆಳಗಿಂದು ಯಾವುದು ತಿಳೀವಲ್ದು. ಇದೇ ಕಡೀದು. ಇದರ ಮುಂದ ನಾ ಬರಿಯಂಗಿಲ್ಲ."

ಎಲ್ಲರೂ ಅವರ ಕಣ್ಣಿಗಾಗಿ ಮರುಗಿದರು. ನಾನೂ ಮರುಗಿದೆ, ಸುಳ್ಳು ಹೇಳುವುದಿಲ್ಲ. ಆದರೆ ಮರುಗುವ ಮೊದಲೇ ನನ್ನೊಳಗೆ ಎದ್ದ ಮಾತು ಬೇರೆ. ಕಡೆಯದನ್ನೂ ಆಕೆಗೇ ಬರೆದರು.

ಮನೆಗೆ ಬಂದು ಪಾತ್ರೆ ಕುಕ್ಕಿದೆ. ನನ್ನ ಯಜಮಾನರು ಕೇಳಿದರು, "ಆ ಹುಡುಗಿ ನಿನಗೇನು ಮಾಡ್ಯಾಳ?"

"ಏನೂ ಮಾಡಿಲ್ಲ. ಅದೇ ತ್ರಾಸು."

ನಿಜವಾಗಿಯೂ ಅದೇ ತ್ರಾಸು. ಆಕೆ ಜಂಬದವಳಾಗಿದ್ದರೆ ಬೈದು ಹಗುರಾಗುತ್ತಿದ್ದೆ. ಬಂದ ಕೂಡಲೇ "ಅಕ್ಕ" ಎನ್ನುತ್ತಾಳೆ, ಡಬ್ಬಿಯಲ್ಲಿ ಚಕ್ಕುಲಿ ತರುತ್ತಾಳೆ, ನನ್ನ ಪಿಟೀಲಿನ ಶ್ರುತಿ ಕೇಳಿ ತನ್ನದನ್ನು ಕೂಡಿಸಿಕೊಳ್ಳುತ್ತಾಳೆ. ಇಂಥವಳ ಮೇಲೆ ಸಿಟ್ಟಾಗುವುದು ಎಷ್ಟು ಕಷ್ಟ ಎಂದು ಅನುಭವಿಸಿದವರಿಗೇ ಗೊತ್ತು. ಆದರೂ ಬಿಡದೆ ಆದೆ.

ತಾಲೀಮು ಶುರುವಾಯಿತು. ನನ್ನ ಪಾಲಿಗೆ ಬಂದದ್ದು ಪಿಯಾನೊದ ಬಲಗೈ ಕಿರುಬೆರಳಿನ ಕೆಲಸ. ಟುಕ್ ಎಂದು ಒಂದು ಸ್ವರ, ಸುಮ್ಮನಿರು, ಮತ್ತೊಂದು ಸ್ವರ, ಸುಮ್ಮನಿರು. ನಡುವೆ ಆಕೆಯ ಚೆಲ್ಲೊ ಉದ್ದಕ್ಕೆ ಹರಿಯುತ್ತಿತ್ತು.

ಒಂದು ತೊಡಕು ಬಂತು. ನಾವು ಕೂಡುವ ಸಭಾಂಗಣದ ನೆಲ ಶಹಾಬಾದ್ ಫರ್ಸಿ ಕಲ್ಲಿನದು, ಮಂದಿ ತುಳಿದು ತುಳಿದು ಕನ್ನಡಿಯಾಗಿದೆ. ಚೆಲ್ಲೊದ ಮೊಳೆ ಅದರ ಮೇಲೆ ಜಾರುತ್ತಿತ್ತು. ಬೇರೆ ಊರಿನವರಾಗಿದ್ದರೆ ಒಂದು ಗೋಣಿಚೀಲವನ್ನೋ ಹಲಗೆಯನ್ನೋ ಹಾಸುತ್ತಿದ್ದರು. ಕಲ್ಲುಗಣಿಗಳ ಸೀಮೆಯ ನಮ್ಮವರ ಬುದ್ಧಿ ಕಲ್ಲು ಕಂಡರೆ ಮಷೀನಿನ ಕಡೆಗೇ ಓಡುತ್ತದೆ. "ಫಿಕರ್ ಮಾಡಬ್ಯಾಡ್ರಿ, ನಮ್ಮ ಸಾಲಾಂದು ಕಲ್ಲಿನ ಪಾಲಿಶ್ ಕಾರ್ಖಾನಿ ಅದ, ಡ್ರಿಲ್ ತರಸ್ತೀನಿ" ಎಂದರು ಚಾಚಾ. ಮರುವಾರ ಅವರ ಹೆಂಡತಿಯ ತಮ್ಮ ಡ್ರಿಲ್ ಹಿಡಿದು ಬಂದು, ಹುಡುಗಿ ಕುಳಿತಿದ್ದ ಜಾಗದಲ್ಲೇ ಕಲ್ಲಿಗೊಂದು ಚೊಕ್ಕ ತೂತು ಕೊರೆದು ಹೋದ.

ಆ ಭಾನುವಾರ ನಮ್ಮ ಶಾಲೆಯ ವಾರ್ಷಿಕ ಗ್ಯಾದರಿಂಗ್ ಇತ್ತು, ನಾನು ಬಂದಿರಲಿಲ್ಲ. ನನ್ನ ಜಾಗ ಖಾಲಿಯಿತ್ತು, ಮೇಲೆ ಫ್ಯಾನೂ ಇತ್ತು ಎಂದು ಆಕೆಯನ್ನು ಅಲ್ಲಿ ಕೂರಿಸಿದ್ದರು. ಮಾಸ್ತರರ ಬಲಗೈ ಪಕ್ಕದ ಜಾಗ ಅದು, ಅಲ್ಲಿ ಕುಳಿತೇ ನಾನು ದೊಡ್ಡವಳಾದದ್ದು. ಈಗ ಅಲ್ಲಿ ತೂತು. ಬಟ್ಟೆಗೆ ಬಿದ್ದಿದ್ದರೆ ಹೊಲಿಯಬಹುದಿತ್ತು.

"ಇನ್ನೊಂದು ಕಡೆ ಕೊರಿಸ್ರಿ ಚಾಚಾ" ಎಂದೆ.

"ಬೇಟಿ, ಇದು ಪದರಿನ ಕಲ್ಲು. ಬಾಜೂಕ ಇನ್ನೊಂದು ಹಾಕಿದ್ರ ಸೀಳಿಬಿಡ್ತದ. ನೀವು ಸ್ವಲ್ಪ ಆ ಕಡಿ ಸರೀರಿ."

ಸರಿದೆ. ಸರಿದ ಜಾಗದಿಂದ ಮಾಸ್ತರರ ಬೆನ್ನು ಮಾತ್ರ ಕಾಣುತ್ತಿತ್ತು.

ಮನಸ್ಸು ತಡೆಯದೆ ಒಂದು ಸಂಜೆ ಅವರ ಮನೆಗೇ ಹೋದೆ. ಸುತ್ತಿ ಬಳಸಿ ಮಾತಾಡುವುದು ನನಗೆ ಬರುವುದಿಲ್ಲ. "ಸರ್, ಕಡೀದು ಅಂದ್ರಿ. ಅದರಾಗ ನಂದೇನೂ ಇಲ್ಲ" ಎಂದೆ. ಅವರು ತಡಕಾಡಿ ಸ್ವರದ ಹಾಳೆ ಹುಡುಕಿ ತೆಗೆದರು. ಆಮೇಲೆ ಕಾಗದವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ನಡುವೆ ಒಂದು ಕಡೆ ಚೆಲ್ಲೊದ ಪಾಲನ್ನು ಹೊಡೆದುಹಾಕಿ, ಅಲ್ಲಿಯ ಹಾಡನ್ನು ಪಿಟೀಲಿಗೆ ಏರಿಸಿ ಬರೆದರು. ಎರಡೇ ಸಾಲು. "ಅಷ್ಟೊತ್ತು ಚೆಲ್ಲೊ ಸುಮ್ಮನಿರ್ತದ. ಇದು ನಿಂದು" ಎಂದರು.

ಬೇಡಿ ಪಡೆದದ್ದು ಎಂಬುದು ನನಗೆ ತಿಳಿಯದೆ ಇಲ್ಲ. ಆದರೂ ಆ ಎರಡು ಸಾಲನ್ನು ಉಸಿರಾಡುವಂತೆ ನುಡಿಸಿದೆ. ಅಡುಗೆಮನೆಯಲ್ಲಿ ಬೇಳೆ ಕುದಿಯುವಾಗ, ಶಾಲೆಯಿಂದ ಬಂದು ಚಪ್ಪಲಿ ಬಿಡುವ ಮೊದಲು. ತಾಲೀಮಿನಲ್ಲಿ ಮಾತ್ರ ಬೇಕೆಂದೇ ಸಾದಾ ಆಗಿ ನುಡಿಸಿ ಮುಗಿಸುತ್ತಿದ್ದೆ. ಪೂರ್ತಿಯಾಗಿ ಮಾಸ್ತರರು ಒಂದೇ ಸಲ, ಕಾರ್ಯಕ್ರಮದ ದಿನ ಕೇಳಲಿ ಎಂಬ ಆಸೆ.

ಕಾರ್ಯಕ್ರಮದ ದಿನ ಸಭಾಂಗಣ ತುಂಬಿತ್ತು. ಮಾಸ್ತರರು ಮುಂದಿನ ಸಾಲಿನಲ್ಲಿ ಕುಳಿತರು, ಕೈಯಾಡಿಸಿ ತಾಳ ತೋರಿಸುವಷ್ಟು ಕಣ್ಣು ಈಗ ಇಲ್ಲ. ಹುಡುಗಿ ನುಡಿಸಿದಳು. ನಾನು ಕಿರುಬೆರಳಾಗಿ ಟುಕ್ ಟುಕ್ ಎಂದೆ. ಆಮೇಲೆ ಚೆಲ್ಲೊ ನಿಂತಿತು, ನನ್ನ ಸಾಲು ಬಂತು. ಹೇಗೆ ನುಡಿಸಿದೆ ಎಂದು ನಾನೇ ಹೇಳಿದರೆ ಚೆಂದವಲ್ಲ, ಆದರೂ ಹೇಳುತ್ತೇನೆ. ನನ್ನ ಜನ್ಮದಲ್ಲಿ ಅಷ್ಟು ಚೆನ್ನಾಗಿ ಮತ್ತೆಂದೂ ನುಡಿಸಿಲ್ಲ. ಸಾಲು ಮುಗಿಯಿತು. ಚೆಲ್ಲೊ ಕೂಡಲೇ ಬರಲಿಲ್ಲ. ಒಂದು ಗಳಿಗೆ ಸಭೆಯೆಲ್ಲ ಸ್ತಬ್ಧವಾಯಿತು, ಆಮೇಲೆ ಅದು ಮೆಲ್ಲಗೆ ಬಂದು ಕೂಡಿಕೊಂಡಿತು.

ಚಪ್ಪಾಳೆ ಮುಗಿದು ಜನ ಎದ್ದ ಮೇಲೆ ನಾನು ಮಾಸ್ತರರ ಬಳಿ ಹೋದೆ. "ಸರ್, ನನ್ನ ಸಾಲು ಹೆಂಗಾಯ್ತು?"

"ಚೆಲ್ಲೊ ನಿಂತಾಗಿಂದೇನು?" ಎಂದರು. "ಖರೇ ಹೇಳಬೇಕಂದ್ರ, ಅದು ಮತ್ತ ಯಾವಾಗ ಶುರು ಆಗ್ತದೋ ಅಂತ ಕಾಯಲಿಕತ್ತಿದ್ದೆ. ಆಕಿ ಒಂದು ಗಳಿಗಿ ತಡದು ಹಿಡದಳಲ್ಲ, ಅದು ಕಲಿಸಿದ್ರ ಬರೂದಲ್ಲವ್ವ. ಭಾಳ ದೊಡ್ಡ ಕಲಾ ಅದು."

ಪಿಟೀಲನ್ನು ಪೆಟ್ಟಿಗೆಗೆ ಹಾಕುತ್ತಿದ್ದಾಗ ಹುಡುಗಿ ಬಂದು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತಳು. ಕಣ್ಣು ಕೆಂಪಾಗಿತ್ತು.

"ಅಕ್ಕ, ಸಾರಿ. ನಿಮ್ಮ ಎರಡು ಸಾಲು ಕೇಳ್ತಾ ಕೇಳ್ತಾ ತಾಳ ಎಣಿಸೋದೇ ಮರೆತುಬಿಟ್ಟೆ. ಅದಕ್ಕೇ ತಡವಾಗಿ ಹಿಡಿದೆ. ನೀವು ಇಷ್ಟು ದಿನ ಯಾಕೆ ಹಾಗೆ ನುಡಿಸಲೇ ಇಲ್ಲ?"

ಚಿಕ್ಕಂದಿನಿಂದ ಆ ಮಾತಿಗಾಗಿ ಕಾದಿದ್ದೆ. ಬಂದದ್ದು ಬೇರೆ ಬಾಯಿಂದ.

"ನನಗ್ಯಾಕ ಹೇಳ್ತಿ? ಹೋಗಿ ಸರ್‌ಗೆ ಹೇಳು" ಎಂದೆ. ದನಿ ಬಿರುಸಾಗಿತ್ತು.

"ಹೇಳಿದೆ ಅಕ್ಕ, ವೇದಿಕೆ ಇಳಿದ ಕೂಡಲೇ ಹೇಳಿದೆ. ನಂಬಲಿಲ್ಲ. ಇಷ್ಟು ಚೆನ್ನಾಗಿ ನುಡಿಸಿದ ಮೇಲೂ ಹೆಸರನ್ನ ಇನ್ನೊಬ್ಬರಿಗೆ ಕೊಡ್ತೀಯಲ್ಲ, ಎಂಥಾ ದೊಡ್ಡ ಮನಸ್ಸು ನಿಂದು ಅಂತ ನನ್ನ ತಲೆ ಸವರಿದರು."