ತೊಟ್ಟಿಲಲ್ಲಿದ್ದ ಚಾಕು

ಅದು 1943ನೇ ಇಸವಿ, ಯುದ್ಧದ ಕಾಲ. ನಮ್ಮ ಯಜಮಾನರು ಚಿನ್ನದ ಗಣಿಯಲ್ಲಿ, ಮೈಸೂರು ಮೈನ್ಸ್‌ನಲ್ಲಿ ಕ್ಲರ್ಕ್. ಆಂಡರ್ಸನ್‌ಪೇಟೆಯಲ್ಲಿ ಬಾಡಿಗೆ ಮನೆ. ನನಗೆ ತಾಯಿ ಇರಲಿಲ್ಲವಾದ್ದರಿಂದ ಚೊಚ್ಚಲ ಬಾಣಂತನಕ್ಕೆ ಬಂಗಾರಪೇಟೆ ಹತ್ತಿರದ ಹಳ್ಳಿಯಿಂದ ಅತ್ತೆಯೇ ಬಂದರು. ಅವರು ಹೊಲ, ಎಮ್ಮೆ ನೋಡಿಕೊಂಡವರು; ನಾನು ಕಾನ್ವೆಂಟಿನಲ್ಲಿ ಕಲಿತವಳು. ಅವರ ಜೊತೆ ಮಾತಿನಲ್ಲಿ ಸ್ವಲ್ಪ ಸ್ಟಿಫ್ ಆಗಿಯೇ ಇರುತ್ತಿದ್ದೆ.

ಹೆಣ್ಣು ಮಗು ಹುಟ್ಟಿತು. ಕಬ್ಬಿಣ ಹತ್ತಿರವಿದ್ದರೆ ಗಾಳಿ ಸೋಕುವುದಿಲ್ಲವೆಂದು ಅತ್ತೆ ತೊಟ್ಟಿಲ ಹಾಸಿಗೆಯಡಿ ಒಂದು ಚಾಕು ಇಟ್ಟರು. ಆಗ ಎಲ್ಲ ಮನೆಗಳಲ್ಲೂ ಇಡುತ್ತಿದ್ದರು.

ಒಂದು ಮಧ್ಯಾಹ್ನ ಮಗುವನ್ನು ಮಲಗಿಸುವಾಗ ಚಾಕುವಿನ ಹಿಡಿ ಕೈಗೆ ತಾಕಿತು. ಇದರಿಂದ ನಾನೇ ಮಗುವಿಗೆ ಏನಾದರೂ ಮಾಡಿಬಿಟ್ಟರೆ? ಎಲ್ಲಿಂದಲೋ ಆ ಯೋಚನೆ ಬಂತು; ತೊಟ್ಟಿಲಿನಿಂದ ದೂರ ಸರಿದೆ. ಆಮೇಲೆ ಅದು ನನ್ನನ್ನು ಬಿಡಲೇ ಇಲ್ಲ. ಬಚ್ಚಲ ಹಂಡೆಯ ಬಿಸಿನೀರು ಕಂಡರೂ ಅದೇ. ಮನಸ್ಸಿನಲ್ಲಿ ನೆನೆದದ್ದೂ ಸಿನ್, ಪಾಪ, ಎಂದು ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದರು. ಪ್ರೇಯರ್ ಮಾಡಿದಷ್ಟೂ ಹೆಚ್ಚಾಯಿತು. ಬಾಯಿಬಿಟ್ಟರೆ ಮಗುವನ್ನು ಕಿತ್ತುಕೊಂಡು ನನ್ನನ್ನು ಹುಚ್ಚರ ಅಸೈಲಮ್‌ಗೆ ಕಳಿಸುತ್ತಾರೆಂದು ಹೆದರಿ ಸುಮ್ಮನಿದ್ದೆ. ಮಗುವನ್ನು ಎತ್ತಿಕೊಳ್ಳುವುದನ್ನೇ ಬಿಟ್ಟೆ. ಹಾಲು ಕುಡಿಸುವಾಗಲೂ ಅತ್ತೆ ಪಕ್ಕದಲ್ಲಿರಬೇಕು.

ಪಕ್ಕದ ಮನೆಯಾಕೆ ನಕ್ಕಳು. "ನಿನ್ ಸೊಸೆ ದೊರೆಸಾನಿ ಕಣಕ್ಕಾ. ಮಗೀನ ಎತ್ಕೊಳ್ಳಾಕೆ ಆಯಾ ಬೇಕೇನೋ!"

"ನಿನ್ ಒಲೆ ಮೇಲೇನೋ ಸೀದೋಯ್ತಾ ಅದೆ, ಓಗಮ್ಮ," ಎಂದು ಅತ್ತೆ ಅವಳನ್ನು ಅಟ್ಟಿ, ನನ್ನ ಮುಂದೆ ಬಂದು ಕೂತರು. "ಯಾಕಮ್ಮಯ್ಯ, ಮಗೀನ ಕಂಡ್ರೆ ಇಂಗೆ ಎದರ್ಕೋತೀಯ? ಏನಾಯ್ತು ಅಂತ ಏಳು."

ಅಳುತ್ತಾ ಎಲ್ಲ ಹೇಳಿದೆ. ಕಿರುಚುತ್ತಾರೆ, ಇಲ್ಲವೇ ಹೊಡೆಯುತ್ತಾರೆ ಅಂದುಕೊಂಡೆ. ಅವರು ಸೆರಗಿನಿಂದ ನನ್ನ ಕಣ್ಣು ಒರೆಸಿದರು.

"ನಿನ್ ಗಂಡ ಉಟ್ಟಿದಾಗ ನಂಗೆ ಬಾವಿ," ಎಂದರು. "ಕೂಸನ್ನ ಎಲ್ಲಿ ಅದ್ರೊಳಕ್ಕೆ ಎತ್ತಾಕ್ಬಿಡ್ತೀನೋ ಅಂತ ಎದ್ರಿಕೆ. ತಿಂಗ್ಳುಗಟ್ಲೆ ನೀರು ಸೇದಾಕೆ ಓಗ್ಲಿಲ್ಲ. ನಮ್ಮತ್ತೆ ಸೋಮಾರಿ ಮುಂಡೇದು ಅಂತ ಬೈದ್ಳು."

"ಯಾರಿಗೂ ಹೇಳಲಿಲ್ವಾ ಅತ್ತೆ?"

"ಯಾರಿಗೇಳ್ಲಿ? ಇವತ್ತು ನಿಂಗೇ ಮೊದ್ಲು ಏಳ್ತಿರಾದು. ಮಾಡೋ ಮನ್ಸಿದ್ರೆ ಇಂಗೆ ನಡುಗ್ತೀಯಾ, ನಾ ತಲ್ಲೀ, ನನ್ ತಾಯೀ?"

ಎದ್ದು ಚಾಕು ತೆಗೆದು, ಆ ಜಾಗದಲ್ಲಿ ಹಳೇ ಬೀಗ ಇಟ್ಟರು. "ಚಾಕೋ ಬೀಗಾನೋ, ಗಾಳಿಗೇನು ಗೊತ್ತಾಯ್ತದೆ? ಎರಡೂ ಕಬ್ಬಿಣಾನೇ." ಅಷ್ಟು ದಿನಗಳಲ್ಲಿ ಮೊದಲ ಸಲ ನಕ್ಕೆ.

ಮರುದಿನ ಬಚ್ಚಲಲ್ಲಿ ನನ್ನನ್ನೇ ಕಾಲು ಚಾಚಿ ಕೂರಿಸಿ, ಮಗುವನ್ನು ನನ್ನ ಕಾಲ ಮೇಲೆ ಮಲಗಿಸಿದರು. ತಾವೇ ಬೆರೆಸಿದ ಹದವಾದ ನೀರಿನ ಚೊಂಬು ಕೈಗೆ ಕೊಟ್ಟರು. ಚೊಂಬು ಎತ್ತಿದವಳು ಹಾಗೇ ನಿಲ್ಲಿಸಿದೆ.

"ಅತ್ತೆ, ಆ ಯೋಚನೆ ಬಂತು."

"ಬಂದ್ರೆ ಬರ್ಲಿ, ಕೂತ್ಕೊಳ್ಲಿ. ನೀನು ನೀರು ಉಯ್ಯಿ."

ಹುಯ್ದೆ. ಮಗು ಕಣ್ಣು ಪಿಳುಕಿಸಿ ನನ್ನನ್ನೇ ನೋಡಿತು. ಯೋಚನೆಗಳು ಒಂದೇ ದಿನಕ್ಕೆ ಹೋಗಲಿಲ್ಲ. ಬಂದಾಗಲೆಲ್ಲ ಅತ್ತೆಗೆ ಹೇಳುತ್ತಿದ್ದೆ, ಅವರು "ಊಂ" ಅನ್ನುತ್ತಿದ್ದರು. ಬರಬರುತ್ತಾ ಹೇಳುವುದಕ್ಕೇ ಏನೂ ಉಳಿಯಲಿಲ್ಲ.

ಈಗ ಇದಕ್ಕೆ ಡಾಕ್ಟರುಗಳಿದ್ದಾರೆ, ಟ್ರೀಟ್‌ಮೆಂಟ್ ಇದೆ. ಆದರೂ ಬಾಣಂತಿ ನೋಡಲು ಹೋದವರೆಲ್ಲ ಮಗು ಯಾರ ಹಾಗಿದೆ ಎಂದು ನೋಡುತ್ತಾರೆ. ನಾನು ತಾಯಿಯ ಪಕ್ಕ ಕೂತು, "ಹೆದರಿಕೆಯ ಯೋಚನೆ ಏನಾದರೂ ಬರುತ್ತಾ ಮಗಳೇ? ನನಗೂ ಬರ್ತಿತ್ತು," ಅನ್ನುತ್ತೇನೆ. ಕೆಲವರು ನಕ್ಕುಬಿಡುತ್ತಾರೆ. ಮೊನ್ನೆ ಒಬ್ಬಳು ಎದ್ದು ಹೋಗಿ, ಬಾಗಿಲು ಮುಂದೆ ಮಾಡಿ ಬಂದು, ನನ್ನ ಕೈ ಹಿಡಿದು ಕೂತಳು.