ಮೊದಲು ತೂಕ, ಆಮೇಲೆ ಸೂಜಿ

ನಮ್ಮ ದೊಡ್ಡ ಸಿಸ್ಟರ್ ನಡೆದರೆ ಅವರ ಬಿಳಿ ಕೋಟಿನ ಜೇಬು ಗಿಲಿಗಿಲಿ ಎನ್ನುತ್ತಿತ್ತು. ಕೂಸನ್ನು ತೂಗುವ ಮುನ್ನ ಕಾಲ್ಗಡಗ, ಬೆಳ್ಳಿ ಉಡಿದಾರ ಎಲ್ಲ ಬಿಚ್ಚಿಸಿ ಜೇಬಿಗೆ ಹಾಕಿಕೊಳ್ಳುವುದು ಅವರ ರೂಢಿ. ದೃಷ್ಟಿಯಾಗುತ್ತದೆ, ತೂಗಬೇಡಿ ಎಂದು ತಾಯಂದಿರು ಗೋಗರೆದರೆ, ತೂಕವನ್ನು ಬೇರೆ ಯಾರಿಗೂ ಕೇಳದಂತೆ ನನ್ನ ಕಿವಿಯಲ್ಲಿ ಹೇಳುತ್ತಿದ್ದರು. ತೂಗದೆ ಮಾತ್ರ ಬಿಡುತ್ತಿರಲಿಲ್ಲ. ಮಹಾ ಹಟಮಾರಿ ಹೆಂಗಸು!

ಮುದಗಲ್‌ನಿಂದ ಬಸ್ಸಿನಲ್ಲಿ ಬಂದು ಲಿಂಗಸುಗೂರಿನ ಒಂದು ಸಣ್ಣ ಮಕ್ಕಳ ಆಸ್ಪತ್ರೆಯಲ್ಲಿ ದುಡಿಯುತ್ತಿದ್ದರು. ಮಸ್ಕಿಯಿಂದ ಬಂದು ಹೊಸದಾಗಿ ನರ್ಸ್ ಆಗಿ ಸೇರಿದ ನನಗೆ ಡೋಸಿನ ಲೆಕ್ಕ ಕಲಿಸಿದವರು ಅವರೇ. ಕಿಲೋಗೆ ಎಷ್ಟು ಮಿಲಿಗ್ರಾಂ, ಬಾಟಲಿಯ ಒಂದು ಎಂಎಲ್‌ನಲ್ಲಿ ಎಷ್ಟು ಔಷಧ ಎಂದು ನಾನೊಂದು ಕಡೆ, ಅವರೊಂದು ಕಡೆ ಮುಖ ಮಾಡಿ ಲೆಕ್ಕ ಹಾಕಬೇಕು. ಎರಡೂ ತಾಳೆಯಾದರಷ್ಟೇ ಸಿರಿಂಜಿಗೆ ಕೈ. ಆಗದಿದ್ದರೆ ಬೈಗುಳ ಕನ್ನಡದಲ್ಲಿ ಶುರುವಾಗಿ ಅವರ ಮನೆಮಾತಾದ ದಖನಿ ಉರ್ದುವಿನಲ್ಲಿ ಮುಗಿಯುತ್ತಿತ್ತು.

ಒಂದು ಮಧ್ಯಾಹ್ನ ಅವರ ಮಗಳು ಸಂತೆಕಲ್ಲೂರಿನಿಂದ ಜ್ವರದಲ್ಲಿ ಬೇಯುತ್ತಿದ್ದ ತನ್ನ ಗಂಡುಕೂಸನ್ನು ಹೊತ್ತು ತಂದಳು. ವಾರಗಟ್ಟಲೆ ಭೇದಿಯಾಗಿ ಕೂಸು ಸೋತುಹೋಗಿತ್ತು. ಡಾಕ್ಟರು ನೋಡಿ, ಕಿಲೋ ಲೆಕ್ಕದಲ್ಲಿ ಇಂಜೆಕ್ಷನ್ ಬರೆದರು. ಹೆಚ್ಚಾದರೆ ಮೂತ್ರಪಿಂಡಕ್ಕೆ, ಕಿವಿಗೆ ಪೆಟ್ಟು ಕೊಡುವ ಔಷಧ ಅದು. ಸಿಸ್ಟರ್ ಹನ್ನೆರಡು ಕಿಲೋ ಎಂದು ಹೇಳಿ ಸಿರಿಂಜಿಗೆ ಎಳೆದೇಬಿಟ್ಟರು. ಹಿಂದೆ ಕೂಸು ಹಬ್ಬಕ್ಕೆ ಬಂದಾಗ ತಾವೇ ತೂಗಿದ್ದರಂತೆ.

ಅವರು ಹಿರಿಯರು, ನಾನು ಹೊಸಬಳು. ಆದರೂ ಕೂಸಿಗೆ ಅಡ್ಡ ನಿಂತೆ.

“ಈಗ ತೂಗ್ರಿ ಸಿಸ್ಟರ್. ತೂಗಲಾರದ ನಾ ಬಿಡಂಗಿಲ್ಲ.”

ಮಗಳು ಜಲ್ದಿ ಹಾಕು ಎಂದು ಅಳುತ್ತಿದ್ದಳು. ಸಿಸ್ಟರ್ ನನ್ನನ್ನು ನುಂಗುವಂತೆ ನೋಡಿದರು. ನಾನೇ ಕೂಸನ್ನೆತ್ತಿ ತಕ್ಕಡಿಯಲ್ಲಿ ಮಲಗಿಸಿದೆ. ಹತ್ತು ಕಿಲೋ ಕೂಡ ಇರಲಿಲ್ಲ. ಅವರು ಸಿರಿಂಜನ್ನು ಟ್ರೇಯಲ್ಲಿಟ್ಟು ಹಿಂದೆ ಸರಿದರು.

“ಇವತ್ತು ನಾ ಬರೇ ಇವನ ನಾನಿ, ಅಜ್ಜಿ ಅದೀನಿ ಬೇಟಿ, ನನ್ನ ಲೆಕ್ಕ ನಂಬಬ್ಯಾಡ. ಸಿಸ್ಟರ್ ನೀನು. ಇನ್ನೊಬ್ಬಾಕಿನ್ನ ಕರಕೊಂಡು ನೀನಽ ಹಾಕು,” ಎಂದು ನನಗೆ ಹೇಳಿದರು.

ಇನ್ನೊಬ್ಬ ನರ್ಸ್ ಜೊತೆ ಹೊಸದಾಗಿ ಲೆಕ್ಕ ಹಾಕಿ ಕೊಟ್ಟೆವು. ಜ್ವರ ಇಳಿಯಿತು, ಕೂಸು ಉಳಿಯಿತು. ಆಮೇಲೆ ಸಿಸ್ಟರ್ ಹೊಸಬರಿಗೆಲ್ಲ ಈ ಕಥೆಯನ್ನು ತಾವೇ ಹೇಳುತ್ತಿದ್ದರು, ತಪ್ಪು ತಮ್ಮದೆಂದು ಸ್ಪಷ್ಟವಾಗಿ ಹೇಳುತ್ತಿದ್ದರು. ಹಿರಿಯರನ್ನು ತಡೆಯುವ ಧೈರ್ಯ ಕೊಟ್ಟಿದ್ದೂ ಅವರೇ, ತಡೆದಾಗ ಸೈ ಎಂದದ್ದೂ ಅವರೇ.

ಹೋದ ವರ್ಷ ಅವರು ತೀರಿಕೊಂಡ ಸುದ್ದಿ ಕೇಳಿ, ನಾನೀಗ ಇರುವ ಸಿಂಧನೂರಿನಿಂದ ಮುದಗಲ್‌ಗೆ ಓಡಿದೆ. ಅಂಗಳದ ತುಂಬ ಜನ. ಎತ್ತರಕ್ಕೆ ಬೆಳೆದ ಮೊಮ್ಮಗ ನನಗೆ ಬೆನ್ನು ಮಾಡಿ ಕುರ್ಚಿ ಹಾಕುತ್ತಿದ್ದ. ಹಿಂದಿನಿಂದ ಮೆಲ್ಲಗೆ ಅವನ ಹೆಸರು ಕರೆದೆ. ತಟ್ಟನೆ ತಿರುಗಿ ನೋಡಿದ. ಕಿವಿಗೆ ಏನೂ ಆಗಿರಲಿಲ್ಲ. ಅಲ್ಲಿಯವರೆಗೆ ತಡೆದಿದ್ದ ಅಳು ಆಗ ಬಂತು.