ಗುಡ್ಡದ ಬ್ಯಾಟರಿಗಳ ರಾಮಯ್ಯ

ಕುಂಬಾರಕೊಪ್ಪಲಿನ ರಾಮಯ್ಯನಿಗೆ ಬ್ಯಾಟರಿ ಎಂದರೆ ಕೊಟ್ಟಿಗೆಯ ದನವಿದ್ದ ಹಾಗೆ. ಕಾಡಂಚಿನ ಗುಡ್ಡಗಳ ಮೇಲೆ ಅರಣ್ಯ ಕಾವಲುಗಾರರ ವೈರ್‌ಲೆಸ್ ಕಂಬಗಳಿವೆ; ಕಂಬದ ಬುಡದ ಗೂಡಿನಲ್ಲಿ ಮಾತಾಡುವ ಸೆಟ್ಟು, ಅದನ್ನು ನಡೆಸುವ ಬ್ಯಾಟರಿಗಳ ಸಾಲು. ರಾಮಯ್ಯ ಮೊಪೆಡ್ಡಿಗೆ ಕ್ಯಾನು ಕಟ್ಟಿಕೊಂಡು ಹೋಗಿ ಅವಕ್ಕೆ ನೀರು ಕುಡಿಸುತ್ತಾನೆ, ಮೈದಡವಿ ಕಾವು ನೋಡುತ್ತಾನೆ, ತಂತಿಯ ಬಾಯಲ್ಲಿ ಹೂತ ಬಿಳಿ ಉಪ್ಪನ್ನು ಉಜ್ಜಿ ತೆಗೆಯುತ್ತಾನೆ. ತನ್ನ ಪಾಲಿನ ಗುಡ್ಡಗಳಲ್ಲಿ ಒಂದೂ ಒಂದು ದಿನವೂ ಮೂಗಾದದ್ದಿಲ್ಲವೆಂದು ಮೀಸೆ ತಿರುವುವುದೂ ಉಂಟು.

ಈ ಸಲದ ಆಯುಧಪೂಜೆಗೆ ಒಬ್ಬನೇ ಗುಡ್ಡ ಹತ್ತಿದ. ಅರಿಶಿನ ಕುಂಕುಮ ಬಿದ್ದರೆ ಬ್ಯಾಟರಿ ಕೆಡುತ್ತದೆಂದು ಬಲ್ಲವನು, ಭಕ್ತಿಯನ್ನೆಲ್ಲ ಹೊರಗಿನ ಸೋಲಾರ್ ಹಲಗೆಗೇ ಸುರಿದ: ಅಡ್ಡಡ್ಡ ವಿಭೂತಿ, ಅಂಗೈಯಗಲ ಗಂಧ, ಮೇಲೆ ತೋಳುದಪ್ಪದ ಸೇವಂತಿಗೆ ಹಾರ.

ವಾರ ಕಳೆಯುವುದರೊಳಗೆ ಕಾವಲುಗಾರ ಜವರಪ್ಪನ ಫೋನು ಬಂತು. ಸೆಟ್ಟು ಬರೀ ಗೊರಗುಟ್ಟುತ್ತಿದೆ, ಆನೆ ರಸ್ತೆಗಿಳಿದರೂ ಯಾರಿಗೂ ಹೇಳುವಂತಿಲ್ಲ ಎಂದ. ಅದರ ಬೆನ್ನಿಗೇ, ರಾಮಯ್ಯನಿಗೆ ಈ ಕೆಲಸ ಕೊಟ್ಟಿದ್ದ ಗುತ್ತಿಗೆದಾರ ವಿಜಯ್‌ಕುಮಾರ್ ಫೋನು ಮಾಡಿ, ಸಂಜೆಯೊಳಗೆ ಸರಿಹೋಗದಿದ್ದರೆ ಗುಡ್ಡವನ್ನು ಬೇರೆಯವರಿಗೆ ಒಪ್ಪಿಸುವುದಾಗಿ ಹೇಳಿದ. ರಾಮಯ್ಯ ಮೊಪೆಡ್ಡಿಗೆ ಕ್ಯಾನು ಬಿಗಿದ. ಗಂಡನ ಮುಖ ನೋಡಲಾರದೆ ದೇವಿರಮ್ಮನೂ ಬುತ್ತಿ ಕಟ್ಟಿಕೊಂಡು ಹಿಂದೆ ಕೂತಳು.

ಗೂಡಿನಲ್ಲಿ ನೀರು ಸರಿಯಿತ್ತು, ತಂತಿ ಬಿಗಿಯಿತ್ತು. ಆದರೂ ಬ್ಯಾಟರಿಗಳು ಹಸಿದ ಕರುಗಳಂತೆ ಸೊರಗಿದ್ದವು. ರಾಮಯ್ಯ ತಲೆಯ ಮೇಲೆ ಕೈಹೊತ್ತು ಕೂತ. ಹೊರಗೆ ನಿಂತಿದ್ದ ದೇವಿರಮ್ಮ ಕರೆದಳು.

"ಇಲ್ ಬನ್ನಿ ಒಸಿ. ಬಿಸ್ಲು ತಿನ್ನೋ ಬಾಯ್ಗೇ ದನದ್ ಬಾಯ್ಗ್ ಕಟ್ದಂಗೆ ಕುಕ್ಕೆ ಕಟ್ಬುಟ್ಟಿದ್ದೀರಲ್ರೀ."

ರಾಮಯ್ಯ ಹಲಗೆ ನೋಡಿದ, ಹೆಂಡತಿಯನ್ನು ನೋಡಿದ, ಹಾರ ಕಿತ್ತ. ಅವಳು ಸೆರಗಿನ ತುದಿ ಒದ್ದೆ ಮಾಡಿ ಒಣಗಿದ ಗಂಧ ಒರೆಸಿದಳು. ಇಬ್ಬರೂ ಬುತ್ತಿ ಉಂಡು ಕಾದರು. ಬಿಸಿಲು ವಾಲುವ ಹೊತ್ತಿಗೆ ಸೆಟ್ಟು ಗಂಟಲು ಸರಿಮಾಡಿಕೊಂಡಿತು. ಮೊದಲು ಜವರಪ್ಪನ ದನಿ ಬಂತು, ಆಮೇಲೆ ಅರಣ್ಯ ಕಚೇರಿಯ ಸೆಟ್ಟಿನ ಮುಂದೆ ಕಾದಿದ್ದ ವಿಜಯ್‌ಕುಮಾರನದು.

ಏನಾಗಿತ್ತೆಂದು ವಿಜಯ್‌ಕುಮಾರ್ ಕೇಳಿದ. ಬ್ಯಾಟರಿ ಹಳೆಯದಾಯಿತೆಂದು ಸುಳ್ಳು ಹೇಳಿದ್ದರೆ ಮುಗಿಯುತ್ತಿತ್ತು. ದೇವಿರಮ್ಮ ಕಣ್ಣಲ್ಲೇ ತಿವಿದಳು.

"ಪೂಜೆ ಜಾಸ್ತಿ ಆಗ್ಬುಡ್ತು ಸಾ. ಹಲ್ಗೆಗೆ ಹಾರ ಹಾಕ್ಬುಟ್ಟಿದ್ದೆ. ಕಂಡುಹಿಡ್ದೋಳು ನಮ್ಮನೆಯೋಳು."

ವೈರ್‌ಲೆಸ್ಸಿನಲ್ಲಿ ಒಬ್ಬನಿಗೆ ಆಡಿದ ಮಾತು ಎಲ್ಲರ ಸೆಟ್ಟಿಗೂ ಮುಟ್ಟುತ್ತದೆ. ಕಾಡಿನ ಮೂಲೆಮೂಲೆಯಿಂದ ಕಾವಲುಗಾರರ ನಗು ಒಂದರ ಹಿಂದೊಂದು ಬಂದು ಗೂಡು ತುಂಬಿತು. ಕಡೆಗೆ ವಿಜಯ್‌ಕುಮಾರನ ದನಿ ಕೇಳಿತು.

"ಗುಡ್ಡ ನಿಮ್ದೇ ಇರ್ಲಿ ಬುಡಿ ರಾಮಯ್ಯ. ಮುಂದಿನ್ ಪೂಜೆಗೆ ಅವ್ರನ್ನೂ ಕರ್ಕೊಂಡೋಗಿ."

ರಾಮಯ್ಯ ಗೂಡಿಗೆ ಬೀಗ ಹಾಕಿ ಇಳಿದು ಬರುವಷ್ಟರಲ್ಲಿ ದೇವಿರಮ್ಮ ಮೊಪೆಡ್ಡಿನ ಹಿಂದೆ ಸೆರಗು ಬಿಗಿದು ಕೂತಾಗಿತ್ತು. ಇನ್ನೆಷ್ಟು ಗುಡ್ಡಕ್ಕೆ ಹಾರ ಹಾಕಿದ್ದೀರಿ, ಅಲ್ಲಿಗೂ ನಡೆಯಿರಿ ಎಂದಳು.